ಸ್ವರಕ್ಷಣೆಗೆ ರಿವಾಲ್ವರೋ ಪಿಸ್ತೂಲೋ? ಕೊಳ್ಳುವ ಮುನ್ನ ವರ್ತಕರು ಗಮನಿಸಬೇಕಾದ ಅಂಶಗಳು

2025ರ ಜನವರಿ 16ರಂದು ಬೀದರ್ ನಗರದ ನಡುಮಧ್ಯದಲ್ಲಿ ಎಟಿಎಂಗೆ ತುಂಬಲೆಂದು ಹಣ ಒಯ್ಯುತ್ತಿದ್ದ ಸಿಬ್ಬಂದಿಯ ಮೇಲೆ ಗುಂಡು ಹಾರಿಸಿ ಹಣದ ಪೆಟ್ಟಿಗೆಯನ್ನು ದೋಚಲಾಯಿತು. ನೌಕರರೊಬ್ಬರು ಜೀವ ತೆತ್ತರು. ಅದರ ಮರುದಿನವೇ ಉಳ್ಳಾಲ ಸಮೀಪದ ಕೋಟೆಕಾರಿನ ಸಹಕಾರಿ ಸಂಘದ ಶಾಖೆಯೊಂದಕ್ಕೆ ಹಾಡಹಗಲೇ ಶಸ್ತ್ರಧಾರಿಗಳು ನುಗ್ಗಿ ಚಿನ್ನ, ನಗದು ಹೊತ್ತೊಯ್ದರು. ಇಂತಹ ಸುದ್ದಿ ಬಂದಾಗಲೆಲ್ಲ ಉಡುಪಿ, ಕಾಪು, ಕಾರ್ಕಳಗಳ ವರ್ತಕರ ನಡುವೆ ಆಯುಧ ಪರವಾನಗಿಯ ಮಾತು ಏಳುತ್ತದೆ. ಸಂಜೆ ಅಂಗಡಿ ಮುಚ್ಚಿ ಆಭರಣದ ಪೆಟ್ಟಿಗೆಯೊಡನೆ ಮನೆಗೆ ತೆರಳುವವರು, ಮಲ್ಪೆಯಲ್ಲಿ ಬೆಳಗಿನ ಜಾವ ನಗದು ಹಿಡಿದು ಮೀನು ಖರೀದಿಸುವವರು, ಗೇರುಬೀಜದ ಕಾರ್ಖಾನೆಗೆ ವಾರದ ಬಟವಾಡೆ ಒಯ್ಯುವವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಸೊಂಟದಲ್ಲಿ ಕಾಣದಂತೆ ಇಟ್ಟುಕೊಳ್ಳಲು ಯಾವ ಆಯುಧ ಒಳ್ಳೆಯದು?

ಈ ಪ್ರಶ್ನೆ ಹೊಸದೇನಲ್ಲ. ವಿದೇಶದಿಂದ ದೂರವಾಣಿ ಕರೆ ಮಾಡಿ ಹಣ ಕೇಳುವ ಭೂಗತ ಪಾತಕಿಗಳ ಕಾಟ ಕರಾವಳಿಯನ್ನು ಬಾಧಿಸಿದ ವರ್ಷಗಳಲ್ಲಿಯೂ ಇದೇ ಮಾತು ಕೇಳಿಬರುತ್ತಿತ್ತು. ಆ ಕಾಲದ ಒಂದು ಪ್ರಕರಣವನ್ನು ಇಲ್ಲಿ ಸ್ಮರಿಸುವುದು ಉಚಿತ. 2013ರ ಡಿಸೆಂಬರ್‌ನಲ್ಲಿ ಅಂಕೋಲಾದ ಉದ್ಯಮಿ ಆರ್. ಎನ್. ನಾಯಕ ಅವರ ಮೇಲೆ ಗುಂಡಿನ ದಾಳಿ ನಡೆಯಿತು. ಅವರೊಡನೆ ಶಸ್ತ್ರಸಜ್ಜಿತ ಅಂಗರಕ್ಷಕನಿದ್ದನು. ಅವನು ಪ್ರತಿಯಾಗಿ ಹಾರಿಸಿದ ಗುಂಡಿಗೆ ದಾಳಿಕೋರನೊಬ್ಬ ಬಲಿಯಾದನು. ಆದರೆ ನಾಯಕರ ಪ್ರಾಣ ಉಳಿಯಲಿಲ್ಲ. ಮೊರಾಕೊದಿಂದ 2015ರಲ್ಲಿ ಕರೆತರಲಾದ ಬನ್ನಂಜೆ ರಾಜನಿಗೆ ಈ ಪ್ರಕರಣದಲ್ಲಿ 2022ರಲ್ಲಿ ಬೆಳಗಾವಿಯ ವಿಶೇಷ ನ್ಯಾಯಾಲಯವು ಜೀವಾವಧಿ ಶಿಕ್ಷೆ ವಿಧಿಸಿತು. ಮೊದಲ ಗುಂಡು ಹಾರಿಸುವ ಅವಕಾಶ ಸದಾ ದಾಳಿ ಮಾಡುವವನದೇ ಆಗಿರುತ್ತದೆ. ಆಯುಧ ಕೊಳ್ಳುವವರು ಬೆಲೆಪಟ್ಟಿಯನ್ನು ನೋಡುವ ಮುನ್ನವೇ ಇದನ್ನು ಮನಗಾಣಬೇಕು.

ಆಯ್ಕೆಗೆ ಇರುವ ಎಲ್ಲೆ

ಅಮೆರಿಕದ ಅನೇಕ ರಾಜ್ಯಗಳಲ್ಲಿ ನಾಗರಿಕರು ಬಟ್ಟೆಯ ಮರೆಯಲ್ಲಿ ಪಿಸ್ತೂಲು ಧರಿಸುವುದು ಹಕ್ಕಿನ ವಿಷಯ. ಅಲ್ಲಿ ನೂರಾರು ಮಾದರಿಗಳ ನಡುವೆ ಆಯ್ಕೆ ನಡೆಯುತ್ತದೆ. ನಮ್ಮಲ್ಲಿ ಹಾಗಿಲ್ಲ. 1959ರ ಆಯುಧ ಅಧಿನಿಯಮದಂತೆ ಪರವಾನಗಿಯಿಲ್ಲದೆ ಬಂದೂಕು ಹೊಂದುವಂತಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ, 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಲ್ಪಟ್ಟ ವಿನಾಯಿತಿಯು ಕರಾವಳಿಯ ವರ್ತಕರಿಗೆ ಅನ್ವಯಿಸದು. ಉಡುಪಿ ಜಿಲ್ಲೆಯಲ್ಲಿ ಪರವಾನಗಿ ಎಂದೊಡನೆ ನೆನಪಾಗುವುದು ಬೆಳೆ ರಕ್ಷಣೆಯ ಕೋವಿ. ಸ್ವರಕ್ಷಣೆಗಾಗಿ ಕಿರು ಆಯುಧ ಕೇಳುವವರು ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಸಲ್ಲಿಸಿ, ತಮಗೆ ಅದು ನಿಜವಾಗಿಯೂ ಏಕೆ ಬೇಕು ಎಂಬುದನ್ನು ಮನವರಿಕೆ ಮಾಡಿಕೊಡಬೇಕಾಗುತ್ತದೆ. ವ್ಯಾಪಾರ, ವೃತ್ತಿಗಳ ಸ್ವರೂಪದಿಂದಲೇ ಜೀವಕ್ಕೆ ಅಥವಾ ಸ್ವತ್ತಿಗೆ ರಕ್ಷಣೆ ಬೇಕಾಗಿರುವವರನ್ನು 2016ರ ಆಯುಧ ನಿಯಮಗಳು ಪರಿಗಣಿಸುತ್ತವೆ. ಆದುದರಿಂದ ಹಿಂದೆ ನಡೆದ ಬೆದರಿಕೆ, ಕಳವುಗಳ ಬಗ್ಗೆ ಠಾಣೆಯಲ್ಲಿ ದೂರು ದಾಖಲಿಸಿ ಪ್ರತಿಯನ್ನು ಜೋಪಾನವಾಗಿಟ್ಟವರ ಅರ್ಜಿಗೆ ತೂಕ ಹೆಚ್ಚು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಪೊಲೀಸ್ ವರದಿ, ದೈಹಿಕ ಹಾಗೂ ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಸುರಕ್ಷಿತವಾಗಿ ಇಡುವೆನೆಂಬ ಮುಚ್ಚಳಿಕೆ, ಆಯುಧ ಬಳಕೆಯ ತರಬೇತಿಯ ಪ್ರಮಾಣಪತ್ರ ಇವೆಲ್ಲವೂ ಬೇಕು. 2019ರ ತಿದ್ದುಪಡಿಯ ಬಳಿಕ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಮನೆಯಲ್ಲಿ ಅದಾಗಲೇ ಎರಡು ಕೋವಿಗಳು ಪರವಾನಗಿಯಲ್ಲಿದ್ದರೆ ರಿವಾಲ್ವರಿಗೆ ಜಾಗವಿಲ್ಲ.

ಗುಂಡಿನ ಗಾತ್ರದ ವಿಷಯದಲ್ಲಿಯೂ ಕಾನೂನು ಗೆರೆ ಎಳೆದಿದೆ. ಪೊಲೀಸರು, ಸೈನಿಕರು ಬಳಸುವ 9 ಮಿಲಿಮೀಟರ್ ಪಿಸ್ತೂಲು ನಿಷೇಧಿತ ವರ್ಗಕ್ಕೆ ಸೇರಿದ್ದು, ಜಿಲ್ಲಾಧಿಕಾರಿಗಳು ಅದಕ್ಕೆ ಪರವಾನಗಿ ನೀಡುವಂತಿಲ್ಲ. ಹೊಸ ವಿದೇಶೀ ಆಯುಧಗಳ ಆಮದು ಸಾಮಾನ್ಯ ನಾಗರಿಕರಿಗೆ ದಶಕಗಳಿಂದ ಮುಚ್ಚಿದೆ. ಹಳೆಯ ವಿದೇಶೀ ಪಿಸ್ತೂಲುಗಳು ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತ, ತಮ್ಮ ಯೋಗ್ಯತೆಗೆ ಮೀರಿದ ಬೆಲೆ ಪಡೆಯುತ್ತವೆ. ಹೆಸರಿಗೆ ಮರುಳಾಗಿ ಬಿಡಿಭಾಗ ಸಿಗದ ವಸ್ತುವನ್ನು ಕೊಳ್ಳುವುದು ವ್ಯಾಪಾರಿಗೆ ಶೋಭಿಸದು. ಹೀಗೆ ಉಳಿಯುವುದು ಮುಖ್ಯವಾಗಿ .32 ಬೋರ್, ಅದಕ್ಕಿಂತ ಕಿರಿದಾದ .22 ಬೋರ್.

ಮಾರುಕಟ್ಟೆಯಲ್ಲಿ ಇರುವುದು

ಸ್ವದೇಶಿ ಕಿರು ಆಯುಧಗಳ ಪ್ರಮುಖ ತಯಾರಕರು ಸರಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳು. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಮಂಡಳಿಯು ಏಳು ಕಂಪನಿಗಳಾಗಿ ವಿಭಜನೆಗೊಂಡ ಬಳಿಕ ಈ ವ್ಯವಹಾರವು ಕಾನ್ಪುರದ ಅಡ್ವಾನ್ಸ್ಡ್ ವೆಪನ್ಸ್ ಆ್ಯಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಸಂಸ್ಥೆಯ ಪಾಲಿಗೆ ಬಂದಿದೆ. ದೆಹಲಿಯ 2012ರ ಘಟನೆಯ ಬಳಿಕ ಮಹಿಳೆಯರಿಗಾಗಿ ಎಂದು 2014ರಲ್ಲಿ ಬಿಡುಗಡೆಯಾದ ‘ನಿರ್ಭೀಕ್’ ರಿವಾಲ್ವರ್ ಟೈಟಾನಿಯಂ ಮಿಶ್ರಲೋಹದ್ದು, ತೂಕ ಸುಮಾರು 500 ಗ್ರಾಂ. ಆಗಿನ ಬೆಲೆ ರೂ. 1,22,360. 2023ರ ಆಗಸ್ಟ್‌ನಲ್ಲಿ ಬಂದ ‘ಪ್ರಬಲ್’ ಉಕ್ಕಿನ ತೂಕದ್ದು, ಸುಮಾರು 700 ಗ್ರಾಂ. ನಳಿಗೆ 76 ಮಿಲಿಮೀಟರ್. ಹಳೆಯ ಮಾದರಿಗಳಂತೆ ನಡು ಮುರಿದು ತೆರೆಯದೆ, ಗುಂಡಿನ ಉರುಳೆ ಪಕ್ಕಕ್ಕೆ ಹೊರಳುವುದು ಇದರ ವೈಶಿಷ್ಟ್ಯ. ಸುಮಾರು 250 ಗ್ರಾಂ ತೂಗುವ .22 ಬೋರಿನ ‘ನಿಡರ್’ ಅಂಗೈಯಲ್ಲಿ ಅಡಗುವಂಥದು. ಪಿಸ್ತೂಲು ಬಯಸುವವರಿಗೆ .32 ಬೋರಿನ ‘ಅಶನಿ’ ಇದೆ. ಖಾಸಗಿ ವಲಯದಲ್ಲಿ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ ವೆಬ್ಲೆ ಆ್ಯಂಡ್ ಸ್ಕಾಟ್ ಹೆಸರಿನ .32 ರಿವಾಲ್ವರ್ ತಯಾರಾಗುತ್ತಿದೆ.

ತೆರಿಗೆಯನ್ನು ಮರೆಯುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್ ಮತ್ತು ಪಿಸ್ತೂಲುಗಳ ಮೇಲಿನ ಜಿಎಸ್‌ಟಿಯು ಶೇ. 28ರಿಂದ ಶೇ. 40ಕ್ಕೆ ಏರಿತು. ಸ್ವಂತ ಬಳಕೆಯ ವಸ್ತುವಿಗೆ ತೆರಿಗೆಯ ಹೂಡುವಳಿ ಜಮೆ ದೊರೆಯದು. ಪರವಾನಗಿ ವ್ಯಕ್ತಿಯ ಹೆಸರಿನಲ್ಲಿರುವಾಗ ಆಯುಧವನ್ನು ಅಂಗಡಿಯ ಖರ್ಚಿನಲ್ಲಿ ತೋರಿಸುವ ಮುನ್ನ ಲೆಕ್ಕ ಪರಿಶೋಧಕರನ್ನು ವಿಚಾರಿಸುವುದು ಮೇಲು.

ಚಿಕ್ಕದೆಲ್ಲ ಚೊಕ್ಕವಲ್ಲ

ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಅತ್ಯಂತ ಹಗುರವಾದುದೇ ಮನಸ್ಸಿಗೆ ಹಿಡಿಸುತ್ತದೆ. ಆದರೆ ಹಗುರವಾದಷ್ಟೂ ಗುಂಡು ಹಾರುವಾಗಿನ ಹಿಂದೊದೆತ ಕೈಗೆ ಹೆಚ್ಚು ತಾಗುತ್ತದೆ. ಹಿಡಿ ಗಿಡ್ಡವಾದಷ್ಟೂ ಕಿರುಬೆರಳಿಗೆ ಆಸರೆ ತಪ್ಪುತ್ತದೆ. ನಳಿಗೆ ಗಿಡ್ಡವಾದಷ್ಟೂ ಗುರಿಯಲ್ಲಿನ ಸಣ್ಣ ತಪ್ಪು ದೊಡ್ಡದಾಗುತ್ತದೆ. .22 ಗುಂಡಿನ ಒದೆತ ಅತ್ಯಲ್ಪ, ಅಭ್ಯಾಸ ಸುಲಭ. ಆದರೆ ಎದುರಾಳಿಯನ್ನು ತಡೆಯುವ ಶಕ್ತಿಯೂ ಅಲ್ಪವೇ. ಅಲ್ಲದೆ ಅದರ ಕಾಡತೂಸಿನ ಅಂಚಿನಲ್ಲಿ ಮದ್ದು ಇರುವುದರಿಂದ ಗುಂಡು ಹಾರದೆ ಉಳಿಯುವ ಸಂಭವ .32ಕ್ಕಿಂತ ಹೆಚ್ಚು. ಹಸ್ತಬಲ ಕಡಿಮೆ ಇರುವವರನ್ನು ಬಿಟ್ಟರೆ ಉಳಿದವರಿಗೆ .32 ಬೋರೇ ಯುಕ್ತ.

ರಿವಾಲ್ವರ್ ಮತ್ತು ಪಿಸ್ತೂಲುಗಳ ನಡುವಣ ವ್ಯತ್ಯಾಸವನ್ನು ಬಳಸುವವನ ಅಭ್ಯಾಸದ ಮೇಲೆ ಅಳೆಯಬೇಕು. ಪಿಸ್ತೂಲು ಚಪ್ಪಟೆಯಾಗಿದ್ದು ಅಂಗಿಯ ಕೆಳಗೆ ಉಬ್ಬಿ ಕಾಣದು. ಆದರೆ ಅದರ ಮೇಲ್ಭಾಗದ ಜಾರುಕವಚವನ್ನು ಹಿಂದಕ್ಕೆಳೆದು ಗುಂಡನ್ನು ನಳಿಗೆಗೆ ಏರಿಸಬೇಕು, ತಡೆಗುಂಡಿಯನ್ನು ಸರಿಸಬೇಕು, ಗುಂಡು ಸಿಕ್ಕಿಕೊಂಡರೆ ಬಿಡಿಸಲು ತಿಳಿದಿರಬೇಕು. ಇದಕ್ಕಿಂತ ಮುಖ್ಯವಾದ ಒಂದು ಅಪಾಯವಿದೆ: ಕೆಳಗಿನ ಕೋಶವನ್ನು ಹೊರತೆಗೆದರೂ ನಳಿಗೆಯಲ್ಲಿ ಒಂದು ಗುಂಡು ಉಳಿದಿರಬಹುದು. ‘ಖಾಲಿ ಇತ್ತು’ ಎಂದು ನಂಬಿ ಆದ ಅನಾಹುತಗಳಿಗೆ ಇದು ಹಳೆಯ ಕಾರಣ. ರಿವಾಲ್ವರಿನಲ್ಲಿ ಉರುಳೆಯನ್ನು ತೆರೆದರೆ ಆರೂ ಮನೆಗಳು ಕಣ್ಣಿಗೆ ಕಾಣುತ್ತವೆ. ಒಂದು ಗುಂಡು ಹಾರದಿದ್ದರೆ ಮತ್ತೊಮ್ಮೆ ಕುದುರೆ ಎಳೆದೊಡನೆ ಮುಂದಿನದು ಬರುತ್ತದೆ. ಉರುಳೆಯ ದಪ್ಪ ಸೊಂಟದಲ್ಲಿ ತೋರುತ್ತದೆ, ಕುದುರೆಯ ಎಳೆತ ಬಿಗಿಯಾಗಿರುತ್ತದೆ. ಇವು ಅದರ ಕೊರತೆಗಳು. ವರ್ಷಕ್ಕೆ ಒಂದೆರಡು ಬಾರಿಯಷ್ಟೇ ಅಭ್ಯಾಸ ಮಾಡಬಲ್ಲ, ವ್ಯಾಪಾರದಲ್ಲೇ ಮುಳುಗಿದ ವ್ಯಕ್ತಿಗೆ ರಿವಾಲ್ವರೇ ಹೆಚ್ಚು ಕ್ಷಮಾಶೀಲ ಸಂಗಾತಿ.

ಧರಿಸುವುದು ಎಲ್ಲಿ, ಹೇಗೆ

ಮರೆಯಲ್ಲಿ ಧರಿಸುವುದು ಇಲ್ಲಿ ಇಷ್ಟಾನಿಷ್ಟದ ಮಾತಲ್ಲ, ನಿಯಮವೇ ಆಗಿದೆ. 2016ರ ನಿಯಮಗಳಂತೆ ಸಾರ್ವಜನಿಕ ಸ್ಥಳದಲ್ಲಿ ಕಿರು ಆಯುಧವನ್ನು ಮೈಗೆ ಬಿಗಿದ ಚೀಲದಲ್ಲಿ ಅಥವಾ ಬೆನ್ನುಚೀಲದಂತಹ ಧಾರಕದಲ್ಲಿ ಇಡಬೇಕು; ಅದು ಪೂರ್ತಿಯಾಗಿ ಮುಚ್ಚಿರಬೇಕು; ಧರಿಸಿದವನ ಹತೋಟಿಯಲ್ಲಿರಬೇಕು. ಎದುರಿಗಿರುವವರಿಗೆ ಕಾಣುವಂತೆ ಮೇಜಿನ ಮೇಲಿಟ್ಟು ಬಾಕಿ ವಸೂಲಿಗೆ ಕುಳಿತರೆ ಪರವಾನಗಿಯನ್ನೇ ಕಳೆದುಕೊಳ್ಳಬೇಕಾದೀತು.

ಕಾಲುಚೀಲದ ಕಿಸೆ, ಪಂಚೆಯ ಮಡಿಲು, ಸ್ಕೂಟರಿನ ಡಿಕ್ಕಿ ಇವು ಆಯುಧದ ಜಾಗಗಳಲ್ಲ. 700 ಗ್ರಾಂ ತೂಕವನ್ನು ಹೊರಲು ಗಟ್ಟಿಯಾದ ಬೆಲ್ಟು, ಕುದುರೆಯನ್ನು ಪೂರ್ತಿ ಮುಚ್ಚುವ ಹೋಲ್‌ಸ್ಟರ್ ಅಗತ್ಯ. ಪಂಚೆಯುಟ್ಟು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ಜೀವನ ಸವೆಸಿದ ಹಿರಿಯರು ಈ ಒಂದು ಕಾರಣಕ್ಕೆ ಉಡುಪನ್ನೇ ಬದಲಿಸಬೇಕಾದೀತು. ಹಣದ ಚೀಲದಲ್ಲಿಯೇ ರಿವಾಲ್ವರ್ ಇಡುವ ರೂಢಿಯಂತೂ ಸಲ್ಲದು: ಚೀಲ ಕಸಿದವನಿಗೆ ಹಣದೊಡನೆ ಆಯುಧವೂ ದಕ್ಕುತ್ತದೆ, ಕಳೆದುಕೊಂಡವನಿಗೆ ಪೊಲೀಸ್ ವಿಚಾರಣೆ ಉಳಿಯುತ್ತದೆ.

ಈ ಜಿಲ್ಲೆಯ ವರ್ತಕರು ವಿಶೇಷವಾಗಿ ಗಮನಿಸಬೇಕಾದ ಷರತ್ತೊಂದು ಪರವಾನಗಿಯಲ್ಲಿಯೇ ಇದೆ. ಪ್ರತ್ಯೇಕ ಅನುಮತಿಯಿಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆಗಳಿಗಾಗಲಿ, ಶಿಕ್ಷಣ ಸಂಸ್ಥೆಗಳ ಆವರಣಕ್ಕಾಗಲಿ ಆಯುಧ ಒಯ್ಯುವಂತಿಲ್ಲ. ಮಣಿಪಾಲದಲ್ಲಿ ಕಾಲೇಜು, ವಿದ್ಯಾರ್ಥಿನಿಲಯಗಳಿಗೆ ಸರಕು ಪೂರೈಸುವವನ ದಿನಚರಿಯಲ್ಲಿ ಅರ್ಧಭಾಗ ಇಂತಹ ಆವರಣಗಳಲ್ಲೇ ಕಳೆಯುತ್ತದೆ. ಉಡುಪಿಯ ಪರ್ಯಾಯ, ಕಾಪುವಿನ ಸುಗ್ಗಿ ಮಾರಿಪೂಜೆ, ಕಾರ್ಕಳದ ಅತ್ತೂರು ಜಾತ್ರೆ, ಮಿಯಾರು ಕಂಬಳ ಇವು ವ್ಯಾಪಾರಿಯ ಕೈಯಲ್ಲಿ ಹೆಚ್ಚು ನಗದು ಓಡಾಡುವ ದಿನಗಳು; ಆಯುಧವನ್ನು ಮನೆಯಲ್ಲಿ ಬಿಡಬೇಕಾದ ದಿನಗಳೂ ಅವೇ. ಅಂದರೆ ಅತಿ ಅಗತ್ಯವೆಂದು ತೋರುವಲ್ಲಿಯೇ ಅದು ಜೊತೆಗಿರದು. ಅರ್ಜಿ ಹಾಕುವ ಮುನ್ನ ತನ್ನ ಒಂದು ವಾರದ ಓಡಾಟವನ್ನು ಕಾಗದದ ಮೇಲೆ ಬರೆದು, ಎಷ್ಟು ಗಂಟೆ ಆಯುಧ ಧರಿಸಲು ಸಾಧ್ಯವೆಂದು ಲೆಕ್ಕ ಹಾಕಿದರೆ ಎಷ್ಟೋ ಮಂದಿ ಆ ದುಡ್ಡನ್ನು ಗಟ್ಟಿಯಾದ ತಿಜೋರಿಗೆ, ಕ್ಯಾಮೆರಾಗಳಿಗೆ ಹಾಕಿಯಾರು. ಮೊಬೈಲ್ ಮೂಲಕ ಹಣ ಪಾವತಿ ರೂಢಿಯಾದ ಮೇಲೆ ಗಲ್ಲಾಪೆಟ್ಟಿಗೆಯ ನಗದೂ ಮೊದಲಿನಷ್ಟಿಲ್ಲ.

ಪರವಾನಗಿಯಲ್ಲಿ ನಮೂದಾದ ಪ್ರದೇಶವನ್ನೂ ಓದಿಕೊಳ್ಳಬೇಕು. ರಾಜ್ಯಕ್ಕೆ ಸೀಮಿತವಾದ ಪರವಾನಗಿಯೊಡನೆ ಕಾಸರಗೋಡಿಗೋ ಮುಂಬಯಿಗೋ ಆಯುಧ ಒಯ್ದರೆ ಅಪರಾಧವಾಗುತ್ತದೆ. ಕಾವಲಿಗೆಂದು ಅಂಗಡಿಯ ನೌಕರನ ಕೈಗೆ ಕೊಟ್ಟರೂ ಹಾಗೆಯೇ.

ಗುಂಡು ಹಾರಿದ ಬಳಿಕ

ಸ್ವರಕ್ಷಣೆಯ ಹಕ್ಕು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡಬಾರದೆಂಬುದು ಅದರ ಮೂಲ ಷರತ್ತು. ದರೋಡೆ, ಸೂರ್ಯಾಸ್ತದ ಬಳಿಕ ಮನೆ ಒಡೆದು ನುಗ್ಗುವಿಕೆ, ಪ್ರಾಣಭಯ ಹುಟ್ಟಿಸುವ ಕಳವು ಮೊದಲಾದ ಸಂದರ್ಭಗಳಲ್ಲಿ ಸ್ವತ್ತಿನ ರಕ್ಷಣೆಗಾಗಿ ಎದುರಾಳಿಯ ಸಾವಿನವರೆಗೂ ಈ ಹಕ್ಕು ವಿಸ್ತರಿಸಬಹುದು. ಆದರೆ ಗಲ್ಲಾದಿಂದ ನೋಟು ಎತ್ತಿಕೊಂಡು ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸಿದವನು ಕೊಲೆ ಅಥವಾ ಕೊಲೆಯತ್ನದ ಆಪಾದನೆ ಎದುರಿಸಬೇಕಾದೀತು. ಕಿಕ್ಕಿರಿದ ರಥಬೀದಿಯ ಆಸುಪಾಸಿನಲ್ಲಿ ಗುರಿ ತಪ್ಪಿದ ಗುಂಡು ಯಾರಿಗೆ ತಾಗಿದರೂ ಹೊಣೆ ಹಾರಿಸಿದವನದೇ. ಉತ್ಸಾಹದಿಂದ ಆಕಾಶಕ್ಕೆ ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಇವೆ.

ಮಳೆಗಾಲದ ಆರೈಕೆ

ಕಾಪುವಿನ ದೀಪಸ್ತಂಭದ ಆಸುಪಾಸಿನಲ್ಲಿ ಮನೆ ಇರುವವರಿಗೆ ಕಬ್ಬಿಣ ಎಷ್ಟು ಬೇಗ ತುಕ್ಕು ಹಿಡಿಯುತ್ತದೆಂದು ಹೇಳಬೇಕಾಗಿಲ್ಲ. ಉಪ್ಪುಗಾಳಿಯೊಡನೆ ಮೈಬೆವರೂ ಸೇರಿದರೆ ಕಪ್ಪುಹೊಳಪಿನ ಉಕ್ಕಿನ ಮೇಲೆ ಒಂದೇ ವಾರದಲ್ಲಿ ಕೆಂಪು ಚುಕ್ಕೆ ಕಾಣಬಹುದು. ಟೈಟಾನಿಯಂ ಆಯುಧದ ಹೆಚ್ಚುವರಿ ಬೆಲೆಗೆ ಕರಾವಳಿಯಲ್ಲಿ ಅರ್ಥವಿರುವುದು ಇದಕ್ಕಾಗಿಯೇ, ಆದರೂ ಅದರೊಳಗಿನ ಉಕ್ಕಿನ ಸ್ಪ್ರಿಂಗುಗಳಿಗೆ ಎಣ್ಣೆ ತಪ್ಪಿಸುವಂತಿಲ್ಲ. ಧರಿಸಿದ ದಿನವೆಲ್ಲ ಒಣಬಟ್ಟೆಯಿಂದ ಒರೆಸಿ ತೆಳುವಾಗಿ ಎಣ್ಣೆ ಸವರಬೇಕು. ಚರ್ಮದ ಹೋಲ್‌ಸ್ಟರ್ ತೇವ ಹೀರುವುದರಿಂದ ರಾತ್ರಿ ಅದರಲ್ಲಿಯೇ ಇಡಬಾರದು. ಕಾಡತೂಸುಗಳಿಗೆ ಎಣ್ಣೆ ತಾಗಬಾರದು. ಹಳೆಯವನ್ನು ಅಭ್ಯಾಸಕ್ಕೆ ಬಳಸಿ, ಪರವಾನಗಿಯಲ್ಲಿ ಸೂಚಿಸಿದ ಮಿತಿಯೊಳಗೆ ಹೊಸದನ್ನು ತರಬೇಕು. ಮನೆಯಲ್ಲಿ ಮಕ್ಕಳಿರಲಿ ಇಲ್ಲದಿರಲಿ ಆಯುಧ ಒಂದು ಬೀಗದಲ್ಲಿ, ಗುಂಡು ಇನ್ನೊಂದು ಬೀಗದಲ್ಲಿ ಇರತಕ್ಕದ್ದು.

ಚುನಾವಣೆ ಘೋಷಣೆಯಾದಾಗ ಜಿಲ್ಲಾಡಳಿತದ ಆದೇಶದಂತೆ ಆಯುಧವನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಜೀವಬೆದರಿಕೆ ಇರುವವರು ಪರಿಶೀಲನಾ ಸಮಿತಿಗೆ ಮೊದಲೇ ಲಿಖಿತ ಮನವಿ ಸಲ್ಲಿಸಬಹುದು. ಠೇವಣಿ ಇಡುವಾಗ ಆಯುಧದ ಸಂಖ್ಯೆ, ಗುಂಡುಗಳ ಎಣಿಕೆ ರಶೀದಿಯಲ್ಲಿ ಸರಿಯಾಗಿ ನಮೂದಾಗಿದೆಯೇ ಎಂದು ಅಲ್ಲಿಯೇ ಓದಿ ನೋಡಬೇಕು. ಮರಳಿ ಪಡೆಯುವಾಗ ಚೀಲಕ್ಕೆ ಹಾಕುವ ಮುನ್ನ ಉರುಳೆಯನ್ನು ತೆರೆದು ಒಳಗೆ ತುಕ್ಕು, ಧೂಳುಗಳಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು.