ಗಣಿಯೂರಿಗೆ ಬರುವ ಹೊರದೇಶದ ನೆರವು

ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ಹೊರದೇಶದ ಹಣ ಹೊಸದೇನಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟ ಮೇಲೆ ಇಂಗ್ಲೆಂಡಿನ ಷೇರುದಾರರ ಬಂಡವಾಳ ಮಾರಿಕುಪ್ಪಂ, ಚಾಂಪಿಯನ್ ರೀಫ್, ಉರಿಗಾಂಗಳ ಬಂಡೆಯೊಳಗೆ ಇಳಿಯಿತು. 1902ರಲ್ಲಿ ಸುಮಾರು 147 ಕಿ.ಮೀ. ದೂರದ ಶಿವನಸಮುದ್ರದಿಂದ ವಿದ್ಯುತ್ ಬಂತು. ಪಾಲಾರ್ ನದಿಯ ಬೇತಮಂಗಲ ಕೆರೆಯ ನೀರು ಕೊಳವೆ ಹತ್ತಿ ಗಣಿಯೂರನ್ನು ತಲುಪಿತು. ಇವೆಲ್ಲ ಗಣಿಗಾಗಿ ಬಂದವು, ಗಣಿಯ ಸುತ್ತಲಿನ ಜನರಿಗೆ ಅದರ ಶೇಷಭಾಗ ದಕ್ಕಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಸೇರಿ, 1972ರಲ್ಲಿ ಕೇಂದ್ರದ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಗಿ, 2001ರ ಫೆಬ್ರವರಿ 28ರಂದು ಮುಚ್ಚಿದ ನಂತರ ಕೆಜಿಎಫ್ ನಗರ ಮತ್ತು ಅದರ ರೈಲು ಬಾಗಿಲಾದ ಬಂಗಾರಪೇಟೆ ಬೆಂಗಳೂರಿನ ದಿನಗೂಲಿಗೆ ಬೆಳಗಿನ ಜಾವದ ರೈಲು ಹತ್ತುವ ಊರುಗಳಾದವು. ಇಂತಹ ಊರುಗಳಿಗೆ ಈಗ ಇನ್ನೊಂದು ಬಗೆಯ ಹೊರದೇಶದ ಹಣ ಬರಬಲ್ಲದು. ಅದು ಲಾಭ ಕೇಳುವುದಿಲ್ಲ, ಆದರೆ ವರದಿ ಕೇಳುತ್ತದೆ. ಅದರ ದಾರಿ ಸ್ಥಳೀಯ ಸೇವಾ ಕ್ಲಬ್ಬುಗಳ ಮೂಲಕ ಹಾಯುತ್ತದೆ.

ಸೇವಾ ಕ್ಲಬ್ ಎಂದರೆ ಬೇರೆಬೇರೆ ವೃತ್ತಿಯವರು ನಿಯತವಾಗಿ ಸೇರಿ, ಸ್ನೇಹಕೂಟದ ಜೊತೆಗೆ ಊರಿನ ಕೆಲಸವನ್ನೂ ಹಮ್ಮಿಕೊಳ್ಳುವ ಸಂಘಟನೆ. ಇವುಗಳಲ್ಲಿ ಹಳೆಯದಾದ ರೋಟರಿ 1905ರ ಫೆಬ್ರವರಿ 23ರಂದು ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲನ ಮುಂದಾಳತ್ವದಲ್ಲಿ ಹುಟ್ಟಿತು. ಅದೇ ನಗರದಲ್ಲಿ 1917ರಲ್ಲಿ ಮೆಲ್ವಿನ್ ಜೋನ್ಸ್ ಲಯನ್ಸ್ ಸಂಸ್ಥೆಗೆ ಅಡಿಗಲ್ಲು ಹಾಕಿದನು. ಬೆಂಗಳೂರಿನಲ್ಲಿ ರೋಟರಿ ಕ್ಲಬ್ ಆರಂಭವಾದದ್ದು 1934ರಲ್ಲಿ. ತಾಲ್ಲೂಕು ಕೇಂದ್ರಗಳಿಗೆ ಹರಡಿದ ಮೇಲೆ ಈ ಕ್ಲಬ್ಬುಗಳ ಸದಸ್ಯರೆಂದರೆ ಸಾಮಾನ್ಯವಾಗಿ ಊರಿನ ವೈದ್ಯರು, ಅಂಗಡಿ ಮಾಲೀಕರು, ವಕೀಲರು, ಖಾಸಗಿ ಶಾಲೆ ನಡೆಸುವವರು. ಕಣ್ಣಿನ ಶಿಬಿರ, ರಕ್ತದಾನ, ಶಾಲೆಗೆ ಬೆಂಚು, ಶಾಲು ಹೊದಿಸುವ ಸಮಾರಂಭ ಇವೇ ಜನರ ಕಣ್ಣಿಗೆ ಬೀಳುವ ಚಟುವಟಿಕೆಗಳಾದ್ದರಿಂದ ಇವುಗಳ ಹಿಂದೆ ದೇಶದ ಗಡಿ ದಾಟುವ ಒಂದು ಹಣಕಾಸಿನ ವ್ಯವಸ್ಥೆಯಿದೆ ಎಂಬುದು ಹೊರಗಿನವರಿಗೆ ಗೊತ್ತಾಗುವುದು ಕಡಿಮೆ.

ಆ ವ್ಯವಸ್ಥೆಯ ಹೃದಯಭಾಗ ರೋಟರಿ ಫೌಂಡೇಷನ್ ಎಂಬ ದತ್ತಿನಿಧಿ. ಅದರ ಬೀಜರೂಪ 1917ರದು. ಆ ವರ್ಷ ಸಂಸ್ಥೆಯ ಅಧ್ಯಕ್ಷನಾಗಿದ್ದ ಆರ್ಚ್ ಕ್ಲಂಫ್ ಲೋಕಹಿತಕ್ಕಾಗಿ ಒಂದು ನಿಧಿ ಬೇಕೆಂದು ಸೂಚಿಸಿದನು. ಸದಸ್ಯರು ಇದರ ವಾರ್ಷಿಕ ನಿಧಿಗೆ ಕೊಟ್ಟ ಹಣವನ್ನು ಮೂರು ವರ್ಷ ಹೂಡಿಕೆಯಲ್ಲಿಟ್ಟು, ನಂತರ ಅದರ ಸುಮಾರು ಅರ್ಧದಷ್ಟನ್ನು ಆ ಸದಸ್ಯರ ರೋಟರಿ ಜಿಲ್ಲೆಯ ಬಳಕೆಗೆ ಮರಳಿಸಲಾಗುತ್ತದೆ. ಇಲ್ಲಿ ಜಿಲ್ಲೆ ಎಂದರೆ ಕಂದಾಯ ಜಿಲ್ಲೆಯಲ್ಲ, ಹಲವು ಕ್ಲಬ್ಬುಗಳ ಗುಂಪು. ಬೆಂಗಳೂರು ಮತ್ತು ಕೋಲಾರದ ಕ್ಲಬ್ಬುಗಳು ದೀರ್ಘಕಾಲ 3190 ಎಂಬ ಸಂಖ್ಯೆಯ ಒಂದೇ ಜಿಲ್ಲೆಯಲ್ಲಿದ್ದವು. ಸದಸ್ಯರು ಕೊಟ್ಟ ಹಣದ ಉಳಿದ ಭಾಗ ಫೌಂಡೇಷನ್‌ನ ವಿಶ್ವನಿಧಿಗೆ ಸೇರುತ್ತದೆ. ಎರಡು ದೇಶಗಳ ಕ್ಲಬ್ಬುಗಳು ಕೂಡಿ ಒಂದು ಯೋಜನೆ ಕೈಗೊಂಡಾಗ, ಅವುಗಳ ಜಿಲ್ಲೆಗಳು ತಮ್ಮ ಪಾಲಿನಿಂದ ಕೊಡುವ ಪ್ರತಿ ನೂರು ಡಾಲರಿಗೆ ವಿಶ್ವನಿಧಿ ಈಗ ಎಂಬತ್ತು ಡಾಲರು ಸೇರಿಸುತ್ತದೆ. 2013ರಿಂದ ಎಲ್ಲ ದೇಶಗಳಲ್ಲಿ ಜಾರಿಯಲ್ಲಿರುವ ಈ ಏರ್ಪಾಟಿಗೆ ಜಾಗತಿಕ ಅನುದಾನ ಎಂದು ಹೆಸರು. ಯೋಜನೆಯ ವೆಚ್ಚ ಕನಿಷ್ಠ 30,000 ಡಾಲರಾದರೂ ಇರಬೇಕು. ಕೆಲಸ ನಡೆಯುವ ಊರಿನ ಆತಿಥೇಯ ಕ್ಲಬ್ ಒಂದು, ಹೊರದೇಶದ ಪಾಲುದಾರ ಕ್ಲಬ್ ಇನ್ನೊಂದು ಇರಲೇಬೇಕು. ಜನ ವಾಸಿಸುವ ಅಥವಾ ದುಡಿಯುವ ಕಟ್ಟಡ ಕಟ್ಟಲು ಈ ಹಣ ಬಳಸುವಂತಿಲ್ಲ. ಇದರ ಮೇಲೆ ಭಾರತದ ಕಾನೂನು ಬೇರೆ. ನೇರವಾಗಿ ವಿದೇಶಿ ಹಣ ಪಡೆಯುವ ಯಾವುದೇ ಟ್ರಸ್ಟು ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ಅನುಮತಿ ಪಡೆದಿರಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಬಂದದ್ದನ್ನು ಮತ್ತೊಂದು ಸಂಸ್ಥೆಗೆ ಹಸ್ತಾಂತರಿಸುವಂತಿಲ್ಲ. ಬಂಗಾರಪೇಟೆಯಂತಹ ಊರಿನಲ್ಲಿ ಬಿಡುವಿನ ವೇಳೆಯಲ್ಲಿ ಸೇವೆ ಮಾಡುವ ಅಂಗಡಿಕಾರರಿಗೂ ವೈದ್ಯರಿಗೂ ಇದು ಸಣ್ಣ ಹೊರೆಯಲ್ಲ. ಆದರೂ ಲೆಕ್ಕಪತ್ರದ ಈ ಬಿಗಿಯನ್ನು ದೂರುವುದಕ್ಕಿಂತ ಕಲಿಯುವುದು ಮೇಲು.

ಜಾಗತಿಕ ಅನುದಾನದ ನಿಯಮಗಳಲ್ಲಿ ಎಲ್ಲಕ್ಕಿಂತ ಅರ್ಥಪೂರ್ಣವಾದದ್ದು ಸಮುದಾಯದ ಅಗತ್ಯಗಳ ಅಧ್ಯಯನ. ಯಂತ್ರವೊಂದನ್ನು ಕೊಂಡು ಊರಿಗೆ ತಂದಿಳಿಸುವ ಮೊದಲು, ಆ ಊರಿನ ಜನರಿಗೆ ಬೇಕಾದದ್ದೇನು, ಅವರ ಬಳಿ ಈಗಾಗಲೇ ಇರುವುದೇನು ಎಂದು ಅವರನ್ನೇ ಕೇಳಿ ದಾಖಲಿಸಬೇಕೆಂಬ ಷರತ್ತು ಇದು. ಹೇಳುವಷ್ಟು ಸುಲಭವಾಗಿ ಇದು ಕೆಜಿಎಫ್‌ನಲ್ಲಿ ನಡೆಯುವಂತಹುದಲ್ಲ. ದುಡಿಯುವವರು ನಸುಕಿನ ರೈಲಿಗೆ ಹೊರಟು ರಾತ್ರಿ ಮರಳುವ ಊರಿನಲ್ಲಿ ಹಗಲು ಹನ್ನೊಂದು ಗಂಟೆಗೆ ಸಭೆ ಕರೆದರೆ ಅರ್ಧ ಊರಿನ ಮಾತು ದಾಖಲೆಗೆ ಬರುವುದೇ ಇಲ್ಲ. ಗಣಿ ಕಾರ್ಮಿಕರ ಹಳೆಯ ಲೈನುಗಳಲ್ಲಿ ತಮಿಳು, ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಮತ್ತು ತೆಲುಗು, ಪೇಟೆಯಲ್ಲಿ ಇವುಗಳ ಜೊತೆಗೆ ಉರ್ದು ಬಳಕೆಯಲ್ಲಿರುವಾಗ ಒಂದೇ ಭಾಷೆಯ ಪ್ರಶ್ನಾವಳಿ ಸಾಲದು. ಕೆನಡಾದ ಅಥವಾ ಜರ್ಮನಿಯ ಪಾಲುದಾರ ಕ್ಲಬ್ಬಿಗೆ ಇದು ತಿಳಿಯುವ ದಾರಿಯಿಲ್ಲ, ಸ್ಥಳೀಯ ಕ್ಲಬ್ಬಿಗೆ ತಿಳಿದಿರಬೇಕು. ಜಾಗತಿಕ ಅನುದಾನದಲ್ಲಿ ಊರಿನ ಕ್ಲಬ್ ಒದಗಿಸುವ ನಿಜವಾದ ಬಂಡವಾಳ ಈ ತಿಳಿವಳಿಕೆಯೇ. ಡಾಲರು ಅದರ ನಂತರದ್ದು.

ಕುಡಿಯುವ ನೀರಿನ ಉದಾಹರಣೆಯಲ್ಲಿ ಇದು ಸ್ಪಷ್ಟವಾಗುತ್ತದೆ. ಕೋಲಾರ ಜಿಲ್ಲೆಗೆ ಸದಾಕಾಲ ಹರಿಯುವ ನದಿಯಿಲ್ಲ. ಪಾಲಾರ್ ಮಳೆಗಾಲದ ನದಿ. ಕೆರೆಗಳು ಒಣಗಿದಷ್ಟೂ ಬೋರ್‌ವೆಲ್ ಆಳಕ್ಕಿಳಿದು ಸಾವಿರ ಅಡಿಯನ್ನೂ ಮೀರಿತು. ಗ್ರಾನೈಟ್ ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಕರಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದುಕಲೆ ಮೂಡುತ್ತದೆ, ಪ್ರಮಾಣ ಇನ್ನೂ ಹೆಚ್ಚಾದರೆ ಬೆನ್ನು, ಕೀಲುಗಳು ಬಿಗಿಯುತ್ತವೆ. ಇದನ್ನು ಫ್ಲೋರೋಸಿಸ್ ಎನ್ನುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಆದ್ದರಿಂದ ಆರ್‌ಓ ಯಂತ್ರ, ಅಂದರೆ ಸೂಕ್ಷ್ಮ ಪೊರೆಯ ಮೂಲಕ ಒತ್ತಡದಿಂದ ನೀರು ಹಾಯಿಸಿ ಲವಣ ಬೇರ್ಪಡಿಸುವ ಯಂತ್ರ, ಸರ್ಕಾರಕ್ಕೂ ದಾನಿಗಳಿಗೂ ಕೈಗೆಟುಕುವ ಉತ್ತರವಾಯಿತು. ಐದು ರೂಪಾಯಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಈ ಭಾಗದ ಹಳ್ಳಿಗಳಿಗೆ ಪರಿಚಿತವೇ. ಉದ್ಘಾಟನೆಗೆ, ಛಾಯಾಚಿತ್ರಕ್ಕೆ, ಹೊರದೇಶಕ್ಕೆ ಕಳಿಸುವ ವರದಿಗೆ ಇದಕ್ಕಿಂತ ಅನುಕೂಲವಾದ ವಸ್ತು ಸಿಗುವುದು ಕಷ್ಟ. ಆದರೆ ಒಳಹೋದ ನೀರಿನ ದೊಡ್ಡ ಪಾಲು ಉಪ್ಪುಗಟ್ಟಿದ ತ್ಯಾಜ್ಯವಾಗಿ ಹೊರಬರುತ್ತದೆ, ಬರಗಾಲದ ಜಿಲ್ಲೆಯಲ್ಲಿ ಅದು ಚರಂಡಿ ಸೇರುತ್ತದೆ. ಪೊರೆಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ಬೋರ್‌ವೆಲ್ ಬತ್ತಿದ ದಿನ ಯಂತ್ರವೂ ನಿಲ್ಲುತ್ತದೆ. ನಿರ್ವಹಣೆಯ ಹಣ ಯಾರದು ಎಂದು ಬರೆದಿಡದೆ ಘಟಕವನ್ನು ಹಸ್ತಾಂತರಿಸುವುದು ಅರ್ಧ ಕೆಲಸ.

ಕೆರೆಯ ಹೂಳೆತ್ತುವುದು, ಕಾಲುವೆ ಬಿಡಿಸುವುದು, ಶಾಲೆಯ ಚಾವಣಿಯ ಮಳೆನೀರನ್ನು ತೊಟ್ಟಿಗೆ ಇಳಿಸುವುದು ನಿಧಾನದ ಕೆಲಸಗಳು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ ಎಂಬುದನ್ನು ನೆನೆದರೆ ಚಾವಣಿ ಮತ್ತು ತೊಟ್ಟಿಗಳಿಗೆ ಆರ್‌ಓಗಿಂತ ಮೊದಲ ಸ್ಥಾನ ಸಿಗಬೇಕಿತ್ತು. 2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಡಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅಂತರ್ಜಲ ಏರಲು ಇದು ನೆರವಾಗಿದ್ದರೂ ಎರಡು ಹಂತದ ಶುದ್ಧೀಕರಣ ಸಾಕೇ ಎಂಬ ಪ್ರಶ್ನೆ ಜಿಲ್ಲೆಯಲ್ಲಿ ಆಗಿನಿಂದಲೂ ಇದೆ. ಬೋರ್‌ವೆಲ್ ನೀರನ್ನು ವರ್ಷಕ್ಕೆರಡು ಬಾರಿ ಪರೀಕ್ಷಿಸಿ ಫಲಿತಾಂಶವನ್ನು ಊರಿನ ಗೋಡೆಯ ಮೇಲೆ ಬರೆಸುವ ಕೆಲಸ ಕ್ಲಬ್ಬಿನ ಅಳವಿಗೆ ನಿಲುಕುವಂತಹುದು, ಖರ್ಚೂ ಕಡಿಮೆ. ಗಣಿಯ ಸೈನೈಡ್ ದಿಬ್ಬಗಳ ವಿಷಯ ಬೇರೆ: ಚಿನ್ನ ತೆಗೆದ ನಂತರದ ಪುಡಿಕಲ್ಲು ಸುಮಾರು 3.3 ಕೋಟಿ ಟನ್ ರಾಶಿಬಿದ್ದಿದ್ದು, ಬಿರುಗಾಳಿಗೆ ಮನೆಮನೆಗೆ ದೂಳು ಸುರಿಯುವ ಆ ದಿಬ್ಬಗಳು ಸರ್ಕಾರದ ಹೊಣೆ. ಅಲ್ಲಿ ಸಸಿ ನೆಡುವ ಒಂದು ದಿನದ ಕಾರ್ಯಕ್ರಮದಿಂದ ಆಗುವುದೇನೂ ಇಲ್ಲ.

ಸಣ್ಣ ಊರಿನ ಕ್ಲಬ್ ಲೋಕದ ಕೆಲಸವೊಂದರಲ್ಲಿ ನಿಜವಾಗಿ ಭಾಗಿಯಾದದ್ದಕ್ಕೆ ಪೋಲಿಯೊ ನಿರ್ಮೂಲನೆಯೇ ದೊಡ್ಡ ಸಾಕ್ಷಿ. 1985ರಲ್ಲಿ ರೋಟರಿ 12 ಕೋಟಿ ಡಾಲರ್ ಸಂಗ್ರಹಿಸುವ ಗುರಿಯೊಂದಿಗೆ ಪೋಲಿಯೊಪ್ಲಸ್ ಕಾರ್ಯಕ್ರಮ ಆರಂಭಿಸಿದಾಗ ಸದಸ್ಯರು ಮೂರು ವರ್ಷಗಳಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಕೊಟ್ಟರು. ಭಾರತದಲ್ಲಿ 1995ರಿಂದ ಪಲ್ಸ್ ಪೋಲಿಯೊ ಭಾನುವಾರಗಳು ಬಂದವು. ಲಸಿಕೆ, ಶೈತ್ಯಪೆಟ್ಟಿಗೆ, ಆರೋಗ್ಯ ಕಾರ್ಯಕರ್ತೆಯರು ಸರ್ಕಾರದವರು. ಬ್ಯಾನರು, ವಾಹನ, ಬೂತಿನಲ್ಲಿ ಕೂತವರ ಊಟತಿಂಡಿ, ಹೆದರಿದ ತಾಯಂದಿರ ಮನವೊಲಿಕೆ ಮೊದಲಾದವನ್ನು ಊರೂರಿನ ಕ್ಲಬ್ಬುಗಳು ಹೊತ್ತವು. ದೇಶದ ಕೊನೆಯ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ದಾಖಲಾಯಿತು, 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಪ್ರಮಾಣಪತ್ರ ದೊರೆಯಿತು. ಇಲ್ಲಿ ಗೆದ್ದದ್ದು ಸರ್ಕಾರದ ವ್ಯವಸ್ಥೆಯನ್ನು ಬದಿಗಿಡದೆ ಅದಕ್ಕೆ ಹೆಗಲು ಕೊಟ್ಟ ಕ್ರಮ, ಅದೂ ಎರಡು ದಶಕ ಬೇಸರಿಸದೆ.

ನೆರವಿನ ದಿಕ್ಕೂ ಈ ನಡುವೆ ಬದಲಾಗಿದೆ. ಹುಟ್ಟುವಾಗಲೇ ಹೃದಯದ ದೋಷವಿರುವ ಮಕ್ಕಳಿಗೆ ಚಿಕಿತ್ಸೆ ಕೊಡಿಸುವ ಗಿಫ್ಟ್ ಆಫ್ ಲೈಫ್ ಕಾರ್ಯಕ್ರಮ 1975ರಲ್ಲಿ ನ್ಯೂಯಾರ್ಕ್ ಬಳಿಯ ಮ್ಯಾನ್‌ಹ್ಯಾಸೆಟ್ ರೋಟರಿ ಕ್ಲಬ್ಬಿನಿಂದ ಆರಂಭವಾದಾಗ ಉಗಾಂಡದ ಬಾಲಕಿಯೊಬ್ಬಳನ್ನು ಅಮೆರಿಕಕ್ಕೆ ಕರೆದೊಯ್ಯಬೇಕಾಯಿತು. ಬಂಗಾರಪೇಟೆಯ ಮಗುವಿಗೆ ಈಗ ಆ ಪ್ರಯಾಣ ಬೇಕಿಲ್ಲ. ಬೆಂಗಳೂರಿಗೆ ಹೋಗುವ ಅದೇ ರೈಲು ಮಾರ್ಗದ ವೈಟ್‌ಫೀಲ್ಡ್‌ನಲ್ಲಿ 2001ರಿಂದ ಸತ್ಯಸಾಯಿ ಆಸ್ಪತ್ರೆ ಉಚಿತ ಹೃದಯ ಶಸ್ತ್ರಚಿಕಿತ್ಸೆ ನಡೆಸುತ್ತಿದೆ. ರೋಟರಿಯ ವಿಶ್ವಾಧ್ಯಕ್ಷರಾಗಿದ್ದ ಚಂಡೀಗಢದ ರಾಜೇಂದ್ರ ಸಾಬೂ 1998ರಿಂದ ಭಾರತದ ವೈದ್ಯರ ತಂಡಗಳನ್ನು ಆಫ್ರಿಕಾದ ದೇಶಗಳಿಗೆ ಕರೆದೊಯ್ದರು. ಫೌಂಡೇಷನ್‌ಗೆ ಹಣ ಕೊಡುವ ದೇಶಗಳ ಸಾಲಿನಲ್ಲೂ ಭಾರತ ಈಗ ಮುಂಚೂಣಿಯಲ್ಲಿದೆ. ಹೀಗಿರುವಾಗ ಕೋಲಾರದ ಕ್ಲಬ್ಬುಗಳು ಪಡೆಯುವವರಾಗಿಯೇ ಉಳಿಯಬೇಕಿಲ್ಲ. ಫ್ಲೋರೈಡ್ ಸಮಸ್ಯೆ ಪೂರ್ವ ಆಫ್ರಿಕಾದ ಕೀನ್ಯಾ, ಇಥಿಯೋಪಿಯ, ತಾಂಜಾನಿಯಗಳಲ್ಲೂ ತೀವ್ರವಾಗಿದ್ದು, ಈ ಜಿಲ್ಲೆಯಲ್ಲಿ ಏನು ನಡೆಯಿತು, ಏನು ಕೆಟ್ಟಿತು ಎಂಬ ಅನುಭವ ಅಲ್ಲಿಯ ಕ್ಲಬ್ಬುಗಳಿಗೆ ಡಾಲರಿನಷ್ಟೇ ಉಪಯುಕ್ತ.

ಇದರಲ್ಲಿ ಸದಸ್ಯರಲ್ಲದ ಓದುಗರಿಗೂ ಪಾಲಿದೆ. ನಿಮ್ಮ ಊರಿನಲ್ಲಿ ಯಾವುದೇ ಕ್ಲಬ್ಬಿನ ಹೆಸರು ಹೊತ್ತ ನೀರಿನ ಘಟಕ, ಡಯಾಲಿಸಿಸ್ ಯಂತ್ರ ಅಥವಾ ಶಾಲಾ ಶೌಚಾಲಯ ಇದ್ದರೆ, ಕೊನೆಯ ಬಾರಿ ದುರಸ್ತಿಯಾದದ್ದು ಯಾವಾಗ, ನೀರಿನ ಪರೀಕ್ಷಾ ವರದಿ ಎಲ್ಲಿದೆ, ಕೆಟ್ಟರೆ ಯಾರಿಗೆ ಹೇಳಬೇಕು ಎಂದು ದಯವಿಟ್ಟು ಆ ಕ್ಲಬ್ಬಿನವರನ್ನೇ ಕೇಳಿ.