ಹಿಮಕ್ಕೆ ಜಗ್ಗದ ತಾಳೆ

ಸುಳಿ ಕೊಳೆತರೆ ಮರ ಹೋದಂತೆಯೇ ಎಂಬುದು ತೆಂಗು ಬೆಳೆಯುವವರಿಗೆಲ್ಲ ಗೊತ್ತು. ತಾಳೆ ಕುಟುಂಬದ ಬಹುಪಾಲು ಮರಗಳ ಜೀವ ನೆತ್ತಿಯ ಆ ಒಂದೇ ಸುಳಿಯಲ್ಲಿದೆ. ಅದು ಹೆಪ್ಪುಗಟ್ಟಿ ಸತ್ತರೆ ಪಕ್ಕದಿಂದ ಚಿಗುರುವ ಮಾತಿಲ್ಲ. ಹಾಗಾಗಿಯೇ ಯುರೋಪು ತಾಳೆಗಳನ್ನು ಗಾಜಿನ ಮನೆಯೊಳಗೆ ಶಾಖ ಕೊಟ್ಟು ಸಾಕಿತು. ಲಂಡನ್ನಿನ ಕ್ಯೂ ಉದ್ಯಾನದ ಭವ್ಯ ಪಾಮ್ ಹೌಸ್ ಕಟ್ಟಿ ಮುಗಿದದ್ದು 1848ರಲ್ಲಿ.

ಮರುವರ್ಷವೇ ಗಾಜಿನ ಹಂಗಿಲ್ಲದ ತಾಳೆಸಸಿಗಳು ಅದೇ ಕ್ಯೂಗೆ ಹೊರಟವು. ಕಳಿಸಿದಾತ ಸ್ಕಾಟ್ಲೆಂಡಿನ ರಾಬರ್ಟ್ ಫಾರ್ಚೂನ್. ಈಸ್ಟ್ ಇಂಡಿಯಾ ಕಂಪನಿಗಾಗಿ ಚೀನಾದಿಂದ ಚಹಾ ಗಿಡಗಳನ್ನು ಭಾರತಕ್ಕೆ ಸಾಗಿಸಿದವನೂ ಇವನೇ. ಚೀನಾದ ಚುಸಾನ್ ದ್ವೀಪದಲ್ಲಿ ಬೀಸಣಿಗೆ ಎಲೆಯ ಈ ಮರ ಬಯಲಿನಲ್ಲೇ ಚಳಿಗಾಲ ಕಳೆಯುವುದನ್ನು ಅವನು ಕಂಡಿದ್ದ. ಅದರ ಕಾಂಡದ ನಾರಿನಿಂದ ಅಲ್ಲಿಯ ರೈತರು ಹಗ್ಗ ಹೊಸೆಯುತ್ತಿದ್ದರು. ನಮ್ಮ ಮಲೆನಾಡಿನ ಗೊರಬಿನಂತೆ ಮಳೆಗೆ ಹೊದೆಯಲು ನಾರಿನ ಉಡುಪನ್ನೂ ಮಾಡಿಕೊಳ್ಳುತ್ತಿದ್ದರು. ಸಸಿಗಳಲ್ಲೊಂದನ್ನು ವಿಕ್ಟೋರಿಯಾ ರಾಣಿಯ ಪತಿ ರಾಜಕುಮಾರ ಆಲ್ಬರ್ಟರ ಆಸ್ಬರ್ನ್ ತೋಟಕ್ಕೆ ತಲುಪಿಸಿ ಎಂದು ಫಾರ್ಚೂನ್ ಕೇಳಿಕೊಂಡ. ಸಸ್ಯಶಾಸ್ತ್ರಜ್ಞ ಸೀಬೋಲ್ಡ್ 1830ರಲ್ಲೇ ಜಪಾನಿನಿಂದ ಇದರ ಬೀಜ ಕಳಿಸಿದ್ದರೂ ಮರದ ಹೆಸರಲ್ಲಿ ಉಳಿದದ್ದು ಫಾರ್ಚೂನ್: ಟ್ರಾಕಿಕಾರ್ಪಸ್ ಫಾರ್ಚೂನಿಯೈ. ಅದು ನ್ಯಾಯವೆಂದೇ ನನ್ನ ಭಾವನೆ. ಗಿಡದ ತಾಕತ್ತನ್ನು ಅದರ ನೆಲದಲ್ಲೇ ನೋಡಿ ನಂಬಿದವನು ಅವನು.

ಬಲಿತ ಮರ ಸುಮಾರು ಮೈನಸ್ 15 ಡಿಗ್ರಿಯವರೆಗೂ ತಡೆದುಕೊಳ್ಳುತ್ತದೆ. ಎಳೆಯದಕ್ಕೆ ಅಷ್ಟು ಕಸುವಿಲ್ಲ. ಬರಿಯ ಚಳಿಗಿಂತ ಚಳಿಯ ಜೊತೆಗಿನ ತೇವ ಕೆಟ್ಟದ್ದು. ಸುಳಿಗೆ ಇಳಿದ ನೀರು ಹೆಪ್ಪುಗಟ್ಟಿ, ಕರಗಿ, ಕೊಳೆ ಹತ್ತಿಸುತ್ತದೆ. ಅದಕ್ಕೇ ಬೆಳೆಗಾರರು ಎಲೆಗಳನ್ನು ಮೇಲಕ್ಕೆತ್ತಿ ಕಟ್ಟುತ್ತಾರೆ, ನೆತ್ತಿಗೆ ಮಳೆ ಬೀಳದಂತೆ ಮರೆ ಮಾಡುತ್ತಾರೆ, ಬುಡಕ್ಕೆ ಒಣಹುಲ್ಲು ಹಾಸುತ್ತಾರೆ. ಬಿಸಿಲು ಬಂದೊಡನೆ ಮರೆ ತೆಗೆದು ಗಾಳಿಯಾಡಿಸುವುದೂ ಅಷ್ಟೇ ಮುಖ್ಯ. ವಸಂತದಲ್ಲಿ ಎಲೆಗಳೆಲ್ಲ ಕಂದಿದ್ದರೂ ಗಾಬರಿ ಬೇಡ. ಸುಳಿಯನ್ನು ಮೆಲ್ಲಗೆ ಎಳೆದು ನೋಡಬೇಕು. ಬಿಗಿಯಾಗಿದ್ದರೆ ಮರ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ.

ಇದರ ದಾಯಾದಿಯೊಂದು ನಮ್ಮ ದೇಶದಲ್ಲೇ ಇದೆ. ಉತ್ತರಾಖಂಡದ ಪಿಥೋರಾಗಢದ ಬಳಿ, 2000 ಮೀಟರಿಗೂ ಎತ್ತರದಲ್ಲಿ, ಹಿಮ ಬೀಳುವ ಕಾಡುಗಳಲ್ಲಿ ಬೆಳೆಯುವ ಟಾಕಿಲ್ ತಾಳೆ. ಇಟಲಿಯ ಸಸ್ಯಶಾಸ್ತ್ರಜ್ಞ ಬೆಕ್ಕಾರಿ 1905ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಈ ಮರದ ಬಗ್ಗೆ ನಮ್ಮಲ್ಲಿ ಇಷ್ಟು ಕಡಿಮೆ ಮಾತು ಕೇಳುವುದು ಬೇಸರದ ಸಂಗತಿ.

ಫಾರ್ಚೂನನ ತಾಳೆಯ ಗಟ್ಟಿತನವೇ ಈಗ ಸ್ವಿಟ್ಜರ್ಲೆಂಡಿಗೆ ತೊಡಕಾಗಿದೆ. ಚಳಿಗಾಲ ಮೆತ್ತಗಾಗುತ್ತ ಬಂದ ಟಿಚಿನೊ ಪ್ರಾಂತ್ಯದಲ್ಲಿ ಹಕ್ಕಿಗಳು ಅದರ ಹಣ್ಣು ತಿಂದು ಬೀಜವನ್ನು ಕಾಡಿಗೆ ಒಯ್ದವು. ಸ್ಥಳೀಯ ಗಿಡಗಳ ಜಾಗದಲ್ಲಿ ತಾಳೆ ಮೊಳೆಯಿತು. 2024ರ ಸೆಪ್ಟೆಂಬರಿನಿಂದ ಸ್ವಿಟ್ಜರ್ಲೆಂಡಿನಲ್ಲಿ ಇದರ ಮಾರಾಟ ನಿಷಿದ್ಧ. ಮನೆಯಂಗಳದ ಹಳೆಯ ಮರಗಳು ಉಳಿಯಬಹುದು. ಅವುಗಳ ಹೊಂಬಾಳೆಯನ್ನು ಕಾಯಿ ಬಲಿಯುವ ಮೊದಲೇ ಕತ್ತರಿಸಿಬಿಟ್ಟರೆ ಬೀಜ ಕಾಡು ಸೇರುವುದಿಲ್ಲ.