ಎರಡು ಆಟಗಳ ಆಟಗಾರ್ತಿ: ಕಾರ್ಕ್ ಪ್ರಾಂತದ ರೀನಾ ಬಕ್ಲಿ

ಆಟದ ಗಂಟೆಯಲ್ಲಿ ಬಯಲಿಗಿಳಿದ ಹುಡುಗಿಯೊಬ್ಬಳಿಗೆ ಉಪಾಧ್ಯಾಯಿನಿಯು ಮೊದಲು ಕೇಳುವ ಪ್ರಶ್ನೆಯು ಯಾವುದೆಂದು ನೀವೆಲ್ಲರೂ ಬಲ್ಲಿರಿ. “ನೀನು ಯಾವ ಆಟಕ್ಕೆ ಸೇರುತ್ತೀ?” ಎಂಬುದೇ ಅದು. ಒಂದನ್ನು ಹಿಡಿದರೆ ಮತ್ತೊಂದನ್ನು ಬಿಡಬೇಕೆಂಬುದು ಆ ಪ್ರಶ್ನೆಯೊಳಗೇ ಅಡಗಿರುವುದು. ಐರ್ಲೆಂಡ್ ದೇಶದ ಕಾರ್ಕ್ ಪ್ರಾಂತದಲ್ಲಿ ಹುಟ್ಟಿದ ರೀನಾ ಬಕ್ಲಿ ಎಂಬಾಕೆಯು ಈ ಪ್ರಶ್ನೆಗೆ “ಎರಡೂ” ಎಂದು ಉತ್ತರವಿತ್ತು, ಆ ಉತ್ತರವನ್ನು ಹತ್ತಕ್ಕೂ ಮಿಕ್ಕ ವರ್ಷಗಳ ಕಾಲ ನಡೆಯಿಸಿ ತೋರಿಸಿದಳು. ಆಕೆಯ ವೃತ್ತಾಂತವನ್ನು ತಿಳಿಯಬೇಕಾದರೆ ಮೊದಲು ಆ ನಾಡಿನ ಆಟಗಳು ಎಂತಹವೆಂಬುದನ್ನು ತಿಳಿಯತಕ್ಕದ್ದು.

ಐರಿಷ್ ಜನರಿಗೆ ತಮ್ಮವೇ ಆದ ಪುರಾತನ ಆಟಗಳುಂಟು. ೧೮೮೪ನೆಯ ಇಸವಿ ನವೆಂಬರ್ ತಿಂಗಳ ಮೊದಲನೆಯ ತಾರೀಖಿನಲ್ಲಿ ಟಿಪ್ಪರೆರಿ ಪ್ರಾಂತದ ಥರ್ಲೆಸ್ ಪಟ್ಟಣದ ಹೇಯ್ಸ್ ಹೋಟೆಲಿನಲ್ಲಿ ಕೆಲವು ಮಂದಿ ಸೇರಿ, ಇಂಗ್ಲಿಷರ ಆಟಗಳ ಪ್ರವಾಹದಲ್ಲಿ ಇವು ಕೊಚ್ಚಿಹೋಗದಂತೆ ಒಂದು ಸಂಘವನ್ನು ಕಟ್ಟಿದರು. ಅದೇ ಗೇಲಿಕ್ ಆಟಗಳ ಸಂಘ. ಪುರುಷರ ಆಟಗಳಲ್ಲಿ ಮುಖ್ಯವಾದವು ಎರಡು: ಗೇಲಿಕ್ ಫುಟ್‌ಬಾಲ್ ಮತ್ತು ಹರ್ಲಿಂಗ್. ಹರ್ಲಿಂಗ್ ಎಂಬುದನ್ನು ಸ್ತ್ರೀಯರು ಆಡುವಾಗ ಅದಕ್ಕೆ ಕಮೋಗಿ ಎಂದು ಹೆಸರು. ಐರಿಷ್ ಭಾಷೆಯಲ್ಲಿ ಪುರುಷರ ಕೋಲಿಗೆ ಕಮಾನ್ ಎನ್ನುವರು. ಸ್ತ್ರೀಯರ ಚಿಕ್ಕ ಕೋಲಿಗೆ ಕಮೋಗ್ ಎಂದು ಹೆಸರಿಟ್ಟು, ಅದರಿಂದ ಆಟದ ಹೆಸರನ್ನು ಹುಟ್ಟಿಸಿದರು.

ಕಮೋಗಿಯ ಕೋಲು ಹಾಕಿಯ ಕೋಲನ್ನು ಸ್ವಲ್ಪ ಹೋಲುವುದಾದರೂ ಅದರ ತುದಿಯು ಅಗಲವಾಗಿಯೂ ಚಪ್ಪಟೆಯಾಗಿಯೂ ಇರುವುದು. ಚೆಂಡು ಚಿಕ್ಕದು, ಒಳಗೆ ಬೆಂಡು, ಹೊರಗೆ ಹೊಲಿದ ತೊಗಲು. ಹಾಕಿಯಲ್ಲಿ ಚೆಂಡು ಬಹುಮಟ್ಟಿಗೆ ನೆಲದ ಮೇಲೆ ಓಡುತ್ತದೆ; ಇಲ್ಲಿಯಾದರೋ ಅದು ತಲೆಯ ಮೇಲೆ ಹಾರುವುದು, ಕೈಯಲ್ಲಿ ಸಿಕ್ಕುವುದು, ಕೋಲಿನ ತುದಿಯ ಮೇಲೆ ಕುಳಿತು ಆಟಗಾರ್ತಿಯೊಡನೆ ಓಡುವುದು. ಫುಟ್‌ಬಾಲಿನಲ್ಲಿ ಚೆಂಡು ದೊಡ್ಡದು; ಅದನ್ನು ಕೈಯಲ್ಲಿ ಹಿಡಿದೂ ಓಡಬಹುದು, ಆದರೆ ನಾಲ್ಕು ಹೆಜ್ಜೆಗೊಮ್ಮೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದಿಂದ ಮೇಲಕ್ಕೆ ಚಿಮ್ಮಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು. ಎರಡು ಆಟಗಳಿಗೂ ಕಂಬಗಳು ಒಂದೇ ಬಗೆಯವು. ಅಡ್ಡಪಟ್ಟಿಯ ಕೆಳಗೆ ಚೆಂಡು ಹೋದರೆ ಗೋಲ್. ಮೇಲೆ ಹೋದರೆ ಪಾಯಿಂಟ್. ಒಂದು ಗೋಲು ಮೂರು ಪಾಯಿಂಟುಗಳಿಗೆ ಸಮ. ಆದುದರಿಂದ ಐರಿಷ್ ಪತ್ರಿಕೆಗಳಲ್ಲಿ ೧–೭ ಎಂದು ಬರೆದಿದ್ದರೆ ಅದು ಒಟ್ಟು ಹತ್ತು ಎಂದು ಓದಿಕೊಳ್ಳಬೇಕು. ಈ ಲೆಕ್ಕವನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುವುದು.

ಸ್ತ್ರೀಯರು ಈ ಬಯಲಿಗೆ ಬಂದುದು ಸುಲಭವಾಗಿ ಅಲ್ಲ. ಡಬ್ಲಿನ್ ನಗರದಲ್ಲಿ ಐರಿಷ್ ಭಾಷೆಯ ಅಭಿಮಾನಿಗಳಾದ ಕೆಲವು ಯುವತಿಯರು ೧೯೦೩–೦೪ರಲ್ಲಿ ಕಮೋಗಿಯ ನಿಯಮಗಳನ್ನು ರಚಿಸಿಕೊಂಡು, ೧೯೦೪ರ ಜುಲೈಯಲ್ಲಿ ನವನ್ ಎಂಬ ಊರಲ್ಲಿ ಮೊದಲನೆಯ ಬಹಿರಂಗ ಪಂದ್ಯವನ್ನಾಡಿದರು. ಇಡೀ ದೇಶದ ಪಂದ್ಯಾವಳಿಯು ಆರಂಭವಾದುದು ೧೯೩೨ರಲ್ಲಿ. ಫುಟ್‌ಬಾಲಿನ ಸ್ತ್ರೀಯರಿಗಾದರೋ ೧೯೭೪ರವರೆಗೆ ಸ್ವಂತ ಸಂಘವೇ ಇರಲಿಲ್ಲ. ಹೀಗೆ ಪುರುಷರಿಗೊಂದು, ಕಮೋಗಿಗೊಂದು, ಸ್ತ್ರೀಯರ ಫುಟ್‌ಬಾಲಿಗೊಂದು ಎಂದು ಮೂರು ಸಂಘಗಳಾದವು. ಪುರುಷರ ಎರಡು ಆಟಗಳು ಒಂದೇ ಸಂಘದ ಆಡಳಿತದಲ್ಲಿದ್ದರೆ ಸ್ತ್ರೀಯರ ಎರಡು ಆಟಗಳು ಎರಡು ಮನೆಗಳಲ್ಲಿ ಬೆಳೆದವು. ಎರಡೂ ಆಟಗಳನ್ನು ಆಡುವ ಹುಡುಗಿಯ ಕಷ್ಟದ ಮೂಲವು ಇಲ್ಲಿಯೇ ಇದೆ. ಒಂದು ಸಂಘವು ಪಂದ್ಯದ ದಿನವನ್ನು ಗೊತ್ತುಮಾಡುವಾಗ ಮತ್ತೊಂದರ ಪಟ್ಟಿಯನ್ನು ನೋಡಲೇಬೇಕೆಂಬ ಕಟ್ಟಿರಲಿಲ್ಲ. ಎರಡು ಪಂದ್ಯಗಳು ಒಂದೇ ದಿನಕ್ಕೆ ಬಿದ್ದುದೂ ಉಂಟು. ಆಗ ಹುಡುಗಿಯು ಯಾವ ಜತೆಗಾರ್ತಿಯರನ್ನು ಕೈಬಿಡಬೇಕು? ಮಾಜಿ ರಾಷ್ಟ್ರಾಧ್ಯಕ್ಷೆ ಮೇರಿ ಮ್ಯಾಕಲೀಸ್ ಅವರ ಮುಂದಾಳುತನದಲ್ಲಿ ಮೂರು ಸಂಘಗಳನ್ನೂ ಒಂದುಗೂಡಿಸುವ ಯೋಜನೆಯು ಸಿದ್ಧವಾಗಿ, ಅದಕ್ಕೆ ೨೦೨೭ನೆಯ ಇಸವಿಯನ್ನು ಗುರಿಯಾಗಿ ಇಟ್ಟುಕೊಂಡಿರುವರು. ರೀನಾ ಬಕ್ಲಿಯು ಆಡಿದ ಕಾಲದಲ್ಲಿ ಇಂತಹ ಅನುಕೂಲವೇನೂ ಇರಲಿಲ್ಲ.

ಆಕೆ ೧೯೮೭ರಲ್ಲಿ ಜನಿಸಿದವಳು. ಕಮೋಗಿಯನ್ನು ಇನಿಸ್ಕಾರಾ ಎಂಬ ಊರಿನ ತಂಡದಲ್ಲಿಯೂ ಫುಟ್‌ಬಾಲನ್ನು ನೆರೆಯ ಡೊನಮೋರ್ ತಂಡದಲ್ಲಿಯೂ ಆಡಿದಳು. ಗೇಲಿಕ್ ಆಟಗಳಲ್ಲಿ ಊರಿನ ತಂಡವೇ ಬೇರು. ಅಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ಪ್ರಾಂತದ ತಂಡವನ್ನು ಕಟ್ಟುವರು. ಆದುದರಿಂದ ಎರಡು ಆಟಗಳ ಆಟಗಾರ್ತಿಯು ವಾಸ್ತವದಲ್ಲಿ ನಾಲ್ಕು ತಂಡಗಳಿಗೆ ಸಲ್ಲತಕ್ಕವಳು. ಇಷ್ಟಕ್ಕೂ ಒಂದು ಕಾಸಿನ ಸಂಬಳವಿಲ್ಲ. ಅಲ್ಲಿ ಆಟವೆಂಬುದು ಯಾರಿಗೂ ಜೀವನೋಪಾಯವಲ್ಲ. ಹಗಲು ತಮ್ಮ ತಮ್ಮ ಕೆಲಸವನ್ನು ಮಾಡಿ, ಸಂಜೆ ಬಯಲಿಗೆ ಹೋಗುವರು. ರೀನಾ ಬಕ್ಲಿಯು ಫಿಸಿಯೋಥೆರಪಿ, ಅಂದರೆ ಸಂದು ಸ್ನಾಯುಗಳ ನೋವನ್ನು ವ್ಯಾಯಾಮಾದಿಗಳಿಂದ ಗುಣಪಡಿಸುವ ವಿದ್ಯೆಯನ್ನು ಕಲಿತು ಅದನ್ನೇ ಉದ್ಯೋಗವಾಗಿ ಕೈಕೊಂಡವಳು. ಆಕೆಯ ಸಂಗಡಿಗಳಾದ ಬ್ರೀಜ್ ಕಾರ್ಕರಿ ಎಂಬಾಕೆಯು ಕೆಲವು ಕಾಲ ಕಲ್ಲುಕುಟಿಗರ ಕೆಲಸವನ್ನು ಮಾಡಿ, ತರುವಾಯ ಹಸುಗಳನ್ನು ಸಾಕುವ ಒಕ್ಕಲುತನಕ್ಕೆ ಸೇರಿದಳು. ಈ ಇಬ್ಬರ ಹೆಸರುಗಳನ್ನೂ ಆ ನಾಡಿನ ಜನರು ಜೋಡಿಯಾಗಿಯೇ ಉಚ್ಚರಿಸುವರು.

ಕಾರ್ಕ್ ಪ್ರಾಂತವು ಕಮೋಗಿಯಲ್ಲಿ ಹಿಂದಿನಿಂದಲೂ ಹೆಸರುವಾಸಿಯಾದದ್ದು. ಆದರೆ ಸ್ತ್ರೀಯರ ಫುಟ್‌ಬಾಲಿನಲ್ಲಿ ೨೦೦೫ರವರೆಗೆ ಒಂದು ಸಲವೂ ದೇಶದ ಪ್ರಶಸ್ತಿಯನ್ನು ಪಡೆದಿರಲಿಲ್ಲ. ೨೦೦೪ರಲ್ಲಿ ಈಮನ್ ರಯನ್ ಎಂಬ ಉಪಾಧ್ಯಾಯರು ತಂಡದ ತರಬೇತಿಯನ್ನು ವಹಿಸಿಕೊಂಡರು. ಅವರು ತಾವೂ ಕಾರ್ಕಿನ ಪರವಾಗಿ ಫುಟ್‌ಬಾಲ್ ಆಡಿದವರು. ದೊಡ್ಡ ಮಾತುಗಳಿಗಿಂತ ಚೆಂಡನ್ನು ಹಿಡಿಯುವುದು, ಒದೆಯುವುದು, ಕೈಯಿಂದ ಕೈಗೆ ದಾಟಿಸುವುದು ಎಂಬ ಮೊದಲ ಪಾಠಗಳಲ್ಲಿಯೇ ಅವರಿಗೆ ನಂಬುಗೆ. ಮಗ್ಗಿಯನ್ನು ಬಾಯಿಪಾಠ ಮಾಡಿಸುವ ಉಪಾಧ್ಯಾಯರನ್ನು ನಾವೆಲ್ಲರೂ ಮನಸ್ಸಿನಲ್ಲಿ ಶಪಿಸಿಕೊಂಡವರೇ. ಆದರೆ ಲೆಕ್ಕ ತಪ್ಪದಿರುವಾಗ ಅವರ ನೆನಪು ಬಾರದಿರುವುದಿಲ್ಲ. ೨೦೦೫ರಲ್ಲಿ ಕಾರ್ಕ್ ತಂಡವು ಗಾಲ್ವೇ ತಂಡವನ್ನು ಸೋಲಿಸಿ ಮೊದಲನೆಯ ಪ್ರಶಸ್ತಿಯನ್ನು ಗೆದ್ದಿತು. ಅಲ್ಲಿಂದ ೨೦೧೬ರವರೆಗಿನ ಹನ್ನೆರಡು ವರ್ಷಗಳಲ್ಲಿ ೨೦೧೦ನೆಯದೊಂದನ್ನು ಬಿಟ್ಟು ಉಳಿದ ಹನ್ನೊಂದು ವರ್ಷಗಳೂ ಕಾರ್ಕಿನವೇ. ಇವುಗಳಲ್ಲಿ ಹತ್ತು ರಯನ್ ಅವರ ಕೈಕೆಳಗೆ ಬಂದವು. ಅವರು ೨೦೨೧ರಲ್ಲಿ ಕಾಲವಾದರು.

ಈ ಹನ್ನೊಂದರಲ್ಲಿಯೂ ರೀನಾ ಬಕ್ಲಿಗೆ ಪದಕವುಂಟು. ಕೆಲವು ಸಲ ರಕ್ಷಣೆಯ ಸಾಲಿನಲ್ಲಿ, ಕೆಲವು ಸಲ ನಡುಬಯಲಿನಲ್ಲಿ ನಿಂತು ಆಡಿದಳು. ಗೋಲು ಹೊಡೆದು ಪತ್ರಿಕೆಯಲ್ಲಿ ಹೆಸರು ಪಡೆಯುವ ಸ್ಥಾನಗಳಲ್ಲ ಇವು. ಎದುರಾಳಿಯು ಗೋಲು ಹೊಡೆಯದಂತೆ ತಡೆದುದನ್ನು ಯಾರೂ ಅಂಕಪಟ್ಟಿಯಲ್ಲಿ ಬರೆಯರು. ೨೦೧೨ರಲ್ಲಿ ಆಕೆಯೇ ನಾಯಕಿ. ಕೆರಿ ಪ್ರಾಂತದ ವಿರುದ್ಧ ಸುಲಭವಾಗಿಯೇ ಗೆದ್ದರು.

ಸುಲಭವಲ್ಲದ ಗೆಲುವು ೨೦೧೪ರದು. ಅಂತಿಮ ಪಂದ್ಯದಲ್ಲಿ ಎದುರಾಳಿಯು ಡಬ್ಲಿನ್. ಆಟವು ಅರ್ಧಾರ್ಧ ಗಂಟೆಯಂತೆ ಒಟ್ಟು ಒಂದು ಗಂಟೆಯದು. ಇನ್ನು ಕಾಲು ಗಂಟೆಯಷ್ಟು ಉಳಿದಿರುವಾಗ ಡಬ್ಲಿನ್ ಹತ್ತು ಪಾಯಿಂಟುಗಳಷ್ಟು ಮುಂದಿತ್ತು. ಮೊದಲೇ ಹೇಳಿದ ಲೆಕ್ಕದಲ್ಲಿ ಮೂರು ಗೋಲುಗಳೂ ಮೇಲೊಂದು ಪಾಯಿಂಟೂ ಬೇಕು, ಅದೂ ಸಮವಾಗುವುದಕ್ಕೆ. ಕಾರ್ಕಿನವರು ಗಾಬರಿಗೊಳ್ಳದೆ ಒಂದೊಂದಾಗಿ ಅಂಕಗಳನ್ನು ತೆಗೆಯುತ್ತ ಬಂದರು. ಎರಡು ಗೋಲುಗಳು ಬಿದ್ದವು. ಕಡೆಗೆ ಜೆರಾಲ್ಡೀನ್ ಓಫ್ಲಿನ್ ಎಂಬಾಕೆಯು ಗೆಲುವಿನ ಪಾಯಿಂಟನ್ನು ಹೊಡೆದಳು. ೨–೧೩ಕ್ಕೆ ೨–೧೨. ಆ ವರ್ಷ ಐರ್ಲೆಂಡಿನ ರಾಷ್ಟ್ರೀಯ ಪ್ರಸಾರ ಸಂಸ್ಥೆಯು ವರ್ಷದ ಶ್ರೇಷ್ಠ ತಂಡವೆಂದು ಕಾರ್ಕಿನ ಈ ಸ್ತ್ರೀಯರನ್ನೇ ಆರಿಸಿತು. ಅದಕ್ಕೆ ಮುಂಚೆ ಯಾವ ಸ್ತ್ರೀಯರ ತಂಡಕ್ಕೂ ಆ ಮನ್ನಣೆ ಸಂದಿರಲಿಲ್ಲ.

ಆದರೆ ಈ ಗೆಲುವಿಗೆ ಎರಡೇ ವಾರಗಳ ಹಿಂದೆ ಬಕ್ಲಿಯೂ ಕಾರ್ಕರಿಯೂ ಅದೇ ಕ್ರೋಕ್ ಪಾರ್ಕ್ ಬಯಲಿನಲ್ಲಿ ಕೋಲನ್ನು ಹಿಡಿದು ಕಿಲ್ಕೆನಿಯ ವಿರುದ್ಧ ಕಮೋಗಿಯ ಅಂತಿಮ ಪಂದ್ಯವನ್ನು ಗೆದ್ದಿದ್ದರೆಂಬುದನ್ನು ಮರೆಯಬಾರದು. ಒಂದೇ ವರ್ಷದಲ್ಲಿ ಎರಡು ಆಟಗಳ ಪ್ರಶಸ್ತಿಯೂ ಒಬ್ಬಳಿಗೆ! ಪುರುಷರಲ್ಲಿ ಇದನ್ನು ಸಾಧಿಸಿದವನು ಇತಿಹಾಸದಲ್ಲಿ ಒಬ್ಬನೇ: ೧೯೯೦ರಲ್ಲಿ ಇದೇ ಕಾರ್ಕಿನ ಟೆಡಿ ಮೆಕಾರ್ಥಿ. ಬಕ್ಲಿ ಮತ್ತು ಕಾರ್ಕರಿ ಇದನ್ನು ೨೦೦೫, ೨೦೦೬, ೨೦೦೮, ೨೦೦೯, ೨೦೧೪, ೨೦೧೫ ಹೀಗೆ ಆರು ಸಲ ಮಾಡಿದರು. ಪುರುಷರ ಪಂದ್ಯಗಳಿಗೆ ಹೆಚ್ಚಿನ ಪೈಪೋಟಿಯಿದೆಯೆಂದು ಹೇಳಿ ಇದನ್ನು ಚಿಕ್ಕದು ಮಾಡುವವರಿದ್ದಾರೆ. ಆರು ಸಲ ಎಂಬುದರ ಮುಂದೆ ಆ ವಾದವು ನನಗೆ ಬಹು ಬಡವಾಗಿ ತೋರುತ್ತದೆ.

೨೦೧೫ರ ಸೆಪ್ಟೆಂಬರಿನಲ್ಲಿ ಮತ್ತೊಂದು ಹಳೆಯ ಲೆಕ್ಕವು ಮೀರಿತು. ಡಬ್ಲಿನ್ನಿನ ಕ್ಯಾಥ್‌ಲೀನ್ ಮಿಲ್ಸ್ ಎಂಬಾಕೆಯು ೧೯೪೨ರಿಂದ ೧೯೬೧ರವರೆಗೆ ಕಮೋಗಿಯೊಂದರಲ್ಲಿಯೇ ಹದಿನೈದು ಪದಕಗಳನ್ನು ಗಳಿಸಿದ್ದಳು. ಅರ್ಧ ಶತಮಾನಕ್ಕೂ ಮೇಲ್ಪಟ್ಟು ಯಾರೂ ಅದನ್ನು ಮುಟ್ಟಿರಲಿಲ್ಲ. ಆ ವರ್ಷದ ಕಮೋಗಿಯ ಪದಕದಿಂದ ಇಬ್ಬರು ಗೆಳತಿಯರೂ ಹದಿನೈದಕ್ಕೆ ಸಮನಾದರು. ಅದೇ ತಿಂಗಳು ಫುಟ್‌ಬಾಲಿನ ಪದಕದಿಂದ ಹದಿನಾರಕ್ಕೇರಿದರು. ಮುಂದಿನ ವರ್ಷ ಕಮೋಗಿಯಲ್ಲಿ ಕಿಲ್ಕೆನಿಯ ಕೈಯಲ್ಲಿ ಸೋಲು. ಫುಟ್‌ಬಾಲಿನಲ್ಲಿ ಡಬ್ಲಿನ್ ವಿರುದ್ಧ ೧–೭ಕ್ಕೆ ೧–೬ ಗೆಲುವು. ಈ ಗೆಲುವಿನ ವಿಷಯದಲ್ಲಿ ವಿವಾದವುಂಟು: ಡಬ್ಲಿನ್ನಿನವರು ಹೊಡೆದ ಒಂದು ಚೆಂಡು ಕಂಬಗಳ ಒಳಗೇ ಹೋಗಿದ್ದರೂ ಹೊರಗೆಂದು ತೀರ್ಪಾಯಿತು. ಪುರುಷರ ಪಂದ್ಯಗಳಲ್ಲಿ ಇಂತಹ ಸಂದೇಹವನ್ನು ಪರೀಕ್ಷಿಸುವ ಯಂತ್ರವನ್ನು ಅದೇ ಬಯಲಿನಲ್ಲಿ ಉಪಯೋಗಿಸುತ್ತಿದ್ದರು. ಸ್ತ್ರೀಯರ ಪಂದ್ಯಕ್ಕೆ ಅದನ್ನು ಉಪಯೋಗಿಸಲಿಲ್ಲ. ನ್ಯಾಯವಾಗಿ ಹೇಳುವುದಾದರೆ ಅಂದು ನೊಂದವರು ಡಬ್ಲಿನ್ನಿನ ಹುಡುಗಿಯರು.

ಉಡುಪಿನ ಮಾತನ್ನೂ ಇಲ್ಲಿ ಹೇಳಿಬಿಡುವೆನು. ಫುಟ್‌ಬಾಲಿನಲ್ಲಿ ಚಡ್ಡಿಯನ್ನು ತೊಟ್ಟು ಆಡಿದ ಅದೇ ಹುಡುಗಿಯು ಕಮೋಗಿಗೆ ಬಂದೊಡನೆ ಲಂಗದಂತೆ ಕಾಣುವ ಸ್ಕೋರ್ಟ್ ಎಂಬುದನ್ನು ಕಡ್ಡಾಯವಾಗಿ ತೊಡಬೇಕಾಗಿತ್ತು. ಅದು ಓಟಕ್ಕೆ ತೊಡಕೆಂದು ಆಟಗಾರ್ತಿಯರು ಬಹುಕಾಲ ದೂರಿಕೊಂಡರು. ೨೦೨೫ರ ಮೇ ತಿಂಗಳಲ್ಲಿ ಕಮೋಗಿ ಸಂಘವು ವಿಶೇಷ ಸಭೆಯನ್ನು ಕೂಡಿಸಿ, ಇಷ್ಟವಿದ್ದವರು ಚಡ್ಡಿಯನ್ನು ತೊಡಬಹುದೆಂದು ಗೊತ್ತುಮಾಡಿತು. ಬಕ್ಲಿಯ ಏಳು ಕಮೋಗಿ ಪದಕಗಳೂ ಹಳೆಯ ಕಟ್ಟಳೆಯ ಕಾಲದವು.

ಏಳನೆಯದು ೨೦೧೭ರಲ್ಲಿ ಬಂದಿತು. ಆ ವರ್ಷ ಆಕೆ ಕಮೋಗಿ ತಂಡದ ನಾಯಕಿ. ಎದುರಾಳಿ ಹಿಂದಿನ ವರ್ಷ ತಮ್ಮನ್ನು ಸೋಲಿಸಿದ ಕಿಲ್ಕೆನಿ. ಗೋಲೇ ಬೀಳದ ಬಿಗಿಯಾದ ಆಟ. ನಿಯಮಿತ ಕಾಲವು ಮುಗಿದು ಹೆಚ್ಚಿನ ಕ್ಷಣಗಳು ನಡೆಯುತ್ತಿರುವಾಗ ಗೆಮಾ ಓಕಾನರ್ ಬಹು ದೂರದಿಂದ ಹೊಡೆದು ಅಂಕಗಳನ್ನು ಸಮ ಮಾಡಿದಳು. ಬೆನ್ನಲ್ಲೇ ಬದಲಿ ಆಟಗಾರ್ತಿಯಾಗಿ ಬಂದಿದ್ದ ಜೂಲಿಯಾ ವೈಟ್ ಮತ್ತೊಂದನ್ನು ಹೊಡೆದಳು. ಹತ್ತಕ್ಕೆ ಒಂಬತ್ತು. ಎರಡು ಆಟಗಳಲ್ಲಿಯೂ ನಾಯಕಿಯಾಗಿ ದೇಶದ ಪ್ರಶಸ್ತಿಯನ್ನು ಎತ್ತಿದವರಲ್ಲಿ ರೀನಾ ಬಕ್ಲಿಯೇ ಮೊದಲಿಗಳು. ಫುಟ್‌ಬಾಲಿನ ಹನ್ನೊಂದು, ಕಮೋಗಿಯ ಏಳು, ಒಟ್ಟು ಹದಿನೆಂಟು. ಗೇಲಿಕ್ ಆಟಗಳಲ್ಲಿ ಅಷ್ಟನ್ನು ಅದುವರೆಗೆ ಯಾರೂ, ಸ್ತ್ರೀಯಾಗಲಿ ಪುರುಷನಾಗಲಿ, ಪಡೆದಿರಲಿಲ್ಲ.

೨೦೧೮ರಲ್ಲಿ ಆಕೆ ಪ್ರಾಂತದ ತಂಡದಿಂದ ನಿವೃತ್ತಳಾದಳು. ಬ್ರೀಜ್ ಕಾರ್ಕರಿಯು ೨೦೧೭ರಲ್ಲಿ ಆಡದೆ ಹದಿನೇಳಕ್ಕೇ ನಿಂತಿದ್ದಳು. ಅದೇ ೨೦೧೮ರಲ್ಲಿ ಮಗುವಿನ ತಾಯಿಯಾದ ಬಳಿಕ ಆಕೆ ಮತ್ತೆ ಕೋಲನ್ನು ಹಿಡಿದು ಕಮೋಗಿ ತಂಡಕ್ಕೆ ಬಂದಳು. ಆ ವರ್ಷವೂ ಅಂತಿಮ ಪಂದ್ಯದಲ್ಲಿ ಕಿಲ್ಕೆನಿಯೇ ಎದುರು, ಗೆಲುವು ಒಂದೇ ಪಾಯಿಂಟಿನದು. ಗೆಳತಿಯರಿಬ್ಬರ ಲೆಕ್ಕವೂ ಸಮವಾಯಿತು.